ಬೂಟಿನ ಮಣ್ಣು

ಸಿಂಚನಾ, ಪ್ರಣವ್,

ಕಳೆದ ಚಳಿಗಾಲದಲ್ಲಿ ನಮ್ಮ ಮಹಡಿಯ ಮೇಲೆ ಬೀದಿಯವರ ಹಳೇ ಚಪ್ಪಲಿಗಳೆಲ್ಲ ಒಣಗುತ್ತಿದ್ದಾಗ ನೀವಿಬ್ಬರೂ ಅವುಗಳ ನಡುವೆ ಕುಂಟೆಬಿಲ್ಲೆ ಆಡಿದಿರಿ. "ಅಜ್ಜಿ, ನಾವು ಚಪ್ಪಲಿ ಅಂಗಡಿ ಇಡ್ತೀವಾ?" ಎಂದು ಪ್ರಣವ್ ಕೇಳಿದ್ದ. ನಾಟಕಕ್ಕೆ ಬೇಕು ಎಂದಷ್ಟೇ ಹೇಳಿ ಸುಮ್ಮನಾದೆ. ಉಳಿದದ್ದನ್ನು ಕೇಳುವ ವಯಸ್ಸು ನಿಮ್ಮದಾಗಿರಲಿಲ್ಲ. ನನಗೂ ಬಾಯಿ ಕಡಿಮೆ, ಅದು ನಿಮಗೆ ಗೊತ್ತೇ ಇದೆ. ದೊಡ್ಡವರಾದ ಮೇಲೆ ಓದಲಿ ಎಂದು ಈಗ ಬರೆಯುತ್ತಿದ್ದೇನೆ. ನಾನು ಕಲಿತದ್ದು ಕುಣಿಗಲ್ ಕಡೆಯ ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ನಿಮ್ಮ ತಾತ ಹೋದ ಮೇಲೆ ಮಧ್ಯಾಹ್ನದ ಹೊತ್ತು ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ. ಹಾಗಾಗಿ ಮೂಡಲಪಾಳ್ಯದ ನಮ್ಮ ರಸ್ತೆಯ ಕೊನೆಯಲ್ಲಿರುವ ಗ್ರಂಥಾಲಯಕ್ಕೆ ಹೋಗಲು ಶುರು ಮಾಡಿದೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಅದೇ ಒಂದು ಸುಖ. ಒಂದು ದಿನ ಕೈಗೆ ಸಿಕ್ಕ ಪುಸ್ತಕ ಯುರೋಪಿನ ಯಹೂದಿ ಜನರದ್ದು. ಜರ್ಮನಿಯಲ್ಲಿ ಆಗ ಇದ್ದ ನಾಜಿ ಸರ್ಕಾರ ಅವರನ್ನು ಮನೆಗಳಿಂದ ಎಬ್ಬಿಸಿ, ರೈಲಿನಲ್ಲಿ ತುಂಬಿ, ಶಿಬಿರಗಳಿಗೆ ಸಾಗಿಸಿ ಕೊಂದಿತು. ಅರವತ್ತು ಲಕ್ಷ ಜನ. ಶಿಬಿರದಿಂದ ಬದುಕಿ ಬಂದ ಒಬ್ಬರು ಬರೆದದ್ದು, ಯಾರೋ ಕನ್ನಡ ಮಾಡಿದ್ದರು. ಹೊರಡುವಾಗ ಆ ಜನ ತಮ್ಮ ಪೆಟ್ಟಿಗೆಗಳ ಮೇಲೆ ದೊಡ್ಡದಾಗಿ ಹೆಸರು ಬರೆದುಕೊಂಡಿದ್ದರಂತೆ, ಅದಲುಬದಲಾಗದಿರಲಿ ಎಂದು. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಪಾರ್ಕಿನಲ್ಲಿ ಒಂದು ಸುತ್ತು ಬಂದೆ. ಮತ್ತೆ ಹೋಗಿ ತೆಗೆದೆ. ಮತ್ತೆ ಎದ್ದೆ. ಆ ಪುಸ್ತಕವನ್ನು ನಾನು ಕೂತು ಓದಿದ್ದಕ್ಕಿಂತ ಎದ್ದು ತಿರುಗಾಡಿದ್ದೇ ಹೆಚ್ಚು.

ನಾನು ಅದನ್ನು ವಾಪಸ್ ಕೊಡುವಾಗ ಗ್ರಂಥಾಲಯದವರು ಗೋಡೆಯ ಮೇಲಿನ ಒಂದು ಚೀಟಿ ತೋರಿಸಿದರು. ಅದೇ ವಿಷಯದ ಮೇಲೆ ಹೈಸ್ಕೂಲು ಮಕ್ಕಳಿಗಾಗಿ ನಾಟಕ ಆಡುವವರಿದ್ದರು. ಹಾಗೆ ಸತ್ತವರನ್ನು ಲೋಕವೆಲ್ಲ ನೆನೆಯುವ ದಿನ ಜನವರಿ ಕೊನೆಯಲ್ಲಿ ಬರುತ್ತದೆ, ಅವತ್ತು ಪ್ರದರ್ಶನ. ಬಟ್ಟೆ ಹೊಲಿಯಲು, ಸಾಮಾನು ಹೊಂದಿಸಲು ಸ್ವಯಂಸೇವಕರು ಬೇಕು ಎಂದಿತ್ತು. ಹೊಲಿಯುವ ಕಡೆ ಮಾತಿನ ಕೆಲಸ ಇರುವುದಿಲ್ಲ ಎಂದು ಧೈರ್ಯ ಮಾಡಿದೆ. ಒಬ್ಬಳೇ ಹೋಗಲು ನಾಚಿಕೆಯಾಗಿ ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡೆ. ಆಕೆಗೆ ನನ್ನ ಪಾಲಿನ ಮಾತನ್ನೂ ದೇವರು ಕೊಟ್ಟಿದ್ದಾನೆ.

ಅಭ್ಯಾಸ ನಾಗರಭಾವಿ ಕಡೆ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ. ನಿರ್ದೇಶಕಿ ಕಾಲೇಜಿನಲ್ಲಿ ಪಾಠ ಮಾಡುವ ಹೆಣ್ಣುಮಗಳು, ನಿಮ್ಮಮ್ಮನ ವಯಸ್ಸು. ನಾಟಕ ಬರೆದದ್ದೂ ಅವರೇ. ಮೊದಲ ದಿನ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಹೇಳಿದರು: "ಇದೆಲ್ಲ ನಡೆದೇ ಇಲ್ಲ, ಕಟ್ಟುಕತೆ ಅನ್ನೋ ಜನ ಇವತ್ತಿಗೂ ಇದಾರೆ. ನಾವು ಚೂರು ಉಪ್ಪು ಖಾರ ಸೇರಿಸಿದ್ರೂ ಅವರಿಗೆ ಅಷ್ಟೇ ಸಾಕು. ನಾಟಕ ಅಂದ್ಮೇಲೆ ವೇಷ ಹಾಕ್ತೀವಿ, ಸರಿ. ಆದ್ರೆ ಇಲ್ಲದ್ದನ್ನ ಇದೆ ಅಂತ ಹೇಳೋ ಹಾಗಿಲ್ಲ."

ಕೊನೆಯ ದೃಶ್ಯಕ್ಕೆ ಮಾತಿಲ್ಲ. ರಂಗದ ಮೇಲೆ ಒಂದು ದೊಡ್ಡ ಚಪ್ಪಲಿ ರಾಶಿ, ಅದರ ಮೇಲೆ ಬೆಳಕು, ಅಷ್ಟೇ. ಆ ಶಿಬಿರಗಳಲ್ಲಿ ಸತ್ತವರ ಬೂಟುಗಳು ಹಾಗೆ ಗುಡ್ಡೆ ಬಿದ್ದಿದ್ದವು. ರಾಶಿಗೆ ಚಪ್ಪಲಿ ಹೊಂದಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು.

ಮನೆ ಮನೆ ಸುತ್ತಿದೆವು. "ಏನಾಂಟಿ, ಚಪ್ಪಲಿನಾ? ಚಂದಾ ಕೇಳ್ತಾರೆ, ಹಳೇ ಪೇಪರ್ ಕೇಳ್ತಾರೆ, ಚಪ್ಪಲಿ ಕೇಳ್ದೋರು ನೀವೇ ಫಸ್ಟು," ಎಂದು ಒಬ್ಬಳು ಹುಡುಗಿ ನಕ್ಕಳು. ಚಪ್ಪಲಿ ಕಳೆದುಹೋದರೆ ಅದರ ಜೊತೆ ಶನಿಕಾಟವೂ ಹೋಯಿತು ಎಂದು ನಮ್ಮ ಜನ ಸಂತೋಷಪಡುತ್ತಾರಲ್ಲ, ಹಾಗೆ ಒಬ್ಬ ಯಜಮಾನರು ಮನೆಯಲ್ಲಿದ್ದದ್ದನ್ನೆಲ್ಲ ತಂದು ಸುರಿದರು.

"ತಗೊಳಿ ತಾಯಿ, ಇದೂ ತಗೊಳಿ. ಏಳೂವರೆ ವರ್ಷದ ಶನಿ ನಡೀತಿದೆ ನಂಗೆ. ಇದರ ಜೊತೆ ತೊಲಗ್ಲಿ."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಅಯ್ಯೋ, ಅವರ ತಲೆಗೆ ಯಾಕ್ರೀ ಕಟ್ತೀರಾ? ಪಾಪ, ನಾಟಕದೋರು!"

"ಕಟ್ಲಿ ಬಿಡಿ," ಎಂದಳು ನಮ್ಮ ಪಕ್ಕದ ಮನೆಯಾಕೆ. "ನಮ್ಮೆಜಮಾನ್ರು ಇರೋವಾಗ ಶನಿಗೆ ನಮ್ಮನೇಲಿ ಜಾಗ ಎಲ್ಲಿದೆ?"

ನಿಮ್ಮಮ್ಮ ಮಾತ್ರ ನಗಲಿಲ್ಲ. "ಅಮ್ಮ, ಬೀದೀಲಿರೋರ ಶನಿ ಎಲ್ಲಾ ಗೋಣಿಚೀಲದಲ್ಲಿ ತುಂಬ್ಕೊಂಡ್ ಬರ್ತಿದೀಯಲ್ಲ. ಮಹಡಿ ಮೇಲೇ ಇಡು, ಬಾಗಿಲೊಳಗೆ ತರಬೇಡ," ಎಂದಳು. ಮಹಡಿಗೇ ಹಾಕಿದೆ. ಮೆಟ್ಟಿಲ ಕೋಣೆಯ ಮೇಲಿನ ಹಲಗೆಯಲ್ಲಿ ಹೊಲಿಗೆಯ ಡಬ್ಬಿ ಇಟ್ಟುಕೊಂಡೆ.

ಮಕ್ಕಳ ಚಪ್ಪಲಿ ಸಾಲದು ಎಂದು ನಿರ್ದೇಶಕಿ ಹೇಳಿದ್ದರಿಂದ ಒಂದು ಮಧ್ಯಾಹ್ನ ಅನ್ನಪೂರ್ಣೇಶ್ವರಿ ನಗರದ ಕಡೆ ಹೋದೆ. ಅವತ್ತು ಪಕ್ಕದ ಮನೆಯಾಕೆ ಬಂದಿರಲಿಲ್ಲ. ಅಲ್ಲಿ ತಗಡಿನ ಮಾಡಿನ ಕೆಳಗೆ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಜೋಳದ ರೊಟ್ಟಿ ತಟ್ಟಿ ಮಾರುತ್ತಾಳೆ. ಮೊದಲೊಮ್ಮೆ ಅವಳ ಹತ್ತಿರ ರೊಟ್ಟಿ ಕೊಂಡಿದ್ದೆ. ಆ ಸಲುಗೆಯಲ್ಲಿ ಕೇಳಿದೆ.

"ಎಂಥಾ ನಾಟಕ ರೀ ಅಕ್ಕಾರ?" ಎಂದಳು, ತಟ್ಟುತ್ತಲೇ.

ನನಗೆ ಬಂದ ನಾಲ್ಕು ಮಾತಿನಲ್ಲಿ ಹೇಳಿದೆ.

"ಹುಡ್ರೂ ಇದ್ರೇನ್ರಿ ಅದ್ರಾಗ?"

"ಇದ್ರು ಕಣಮ್ಮ. ತುಂಬಾ ಜನ ಇದ್ರು."

ತಟ್ಟುವ ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ತೆಗೆದಿಟ್ಟು, ಒಲೆ ಆರಿಸಿ, ಒಳಗೆ ಹೋದಳು. ಹಳೇ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಒಂದು ಜೊತೆ ಕಪ್ಪು ಸ್ಕೂಲ್ ಬೂಟು ತಂದಳು. ಅಟ್ಟೆಯ ಸುತ್ತ, ಹೊಲಿಗೆಯ ಸಂದಿಗಳಲ್ಲಿ, ಲೇಸಿನ ಮೇಲೆಲ್ಲ ಕೆಂಪು ಮಣ್ಣು ಒಣಗಿ ಕೂತಿತ್ತು.

"ನನ್ನ ಮಗಳ್ವು ರೀ. ಹ್ವಾದ ಮಳಿಗಾಲದಾಗ ಜ್ವರ ಬಂದು ತೀರ್ಕೊಂಡ್ಲು. ಐದನೇತ್ತಾ ಸಾಲಿ ಕಲೀತಿದ್ಲು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ಬೇಡಮ್ಮ. ಇದನ್ನ ನೀನಿಟ್ಕೋ. ನಾನು ಬೇಡವಾಗಿರೋವನ್ನ ಕೇಳಕ್ಕೆ ಬಂದಿದ್ದು."

"ಬ್ಯಾಡಾದ್ವು ಇಟ್ಟು ಮಂದಿಗೆ ಏನ್ ತೋರಸ್ತೀರಿ? ಕೂಸಿನ ಬೂಟು ಹೆಂಗಿರ್ತಾವ ಅಂತ ನೋಡ್ಲಿ. ನಾಟಕಾ ಮುಗದ ಮ್ಯಾಲ ಹೊಳ್ಳಿ ತಂದ್ಕೊಡ್ರಿ. ಆ ಮಣ್ಣ ಉದರದಾಂಗ ಹಿಡೀರಿ, ಅಷ್ಟ."

ಮಣ್ಣು ಉದುರಬಾರದು. ಅವಳು ಕೇಳಿದ್ದು ಅದೊಂದನ್ನೇ. ಬಸ್ಸಿನಲ್ಲಿ ಆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಹೊಲಿಗೆ ಡಬ್ಬಿಯ ಹಿಂದೆ, ಹಲಗೆಯ ಮೇಲೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಬಿಚ್ಚಿ ನೋಡುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ, ಅದು ನನಗೆ ಬೇಡವಾಗಿತ್ತು. ನಿರ್ದೇಶಕಿಗೆ ಮಾತ್ರ, ಒಂದು ಮಗುವಿನ ಬೂಟು ಸಿಕ್ಕಿದೆ, ರಾಶಿಯ ಮುಂದೆ ಇಡಬಹುದು ಎಂದೆ.

ಪ್ರದರ್ಶನ ವಿಜಯನಗರದ ಒಂದು ಸಭಾಂಗಣದಲ್ಲಿ. ಜಾಗ ನೋಡಲು ಹೋದಾಗ ಅಲ್ಲಿನ ಮೇಲ್ವಿಚಾರಕರು ತಡೆದರು. ವಯಸ್ಸಾದವರು, ಹಣೆಗೆ ವಿಭೂತಿ, ಹೆಗಲಿಗೆ ಟವೆಲು.

"ಸ್ಟೇಜ್ ಮೇಲೆ ಚಪ್ಪಲಿ ರಾಶಿನಾ? ಆಗಲ್ಲ ಮೇಡಂ. ಕಲಾವಿದರು ಕಾಲಿಡೋ ಮುಂಚೆ ಮುಟ್ಟಿ ಕಣ್ಣಿಗೊತ್ಕೊಳೋ ಜಾಗ ಅದು."

"ನಟರು ಬೂಟ್ ಹಾಕ್ಕೊಂಡೇ ಆಡ್ತಾರಲ್ಲ ಸಾರ್?"

"ಅದು ವೇಷದ ಬೂಟು. ರಂಗ ಬಿಟ್ಟು ಬೇರೆ ಏನೂ ತುಳಿದಿಲ್ಲ. ನೀವು ತರೋದು ಬೀದಿ ತುಳಿದಿರೋದು."

ನಿರ್ದೇಶಕಿ ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಮೇಲ್ವಿಚಾರಕರು ಇಷ್ಟಕ್ಕೆ ಇಳಿದರು: ಹೊಸ ಟಾರ್ಪಾಲು ಹಾಸಬೇಕು, ಚಪ್ಪಲಿಗಳನ್ನೆಲ್ಲ ತೊಳೆದು ತರಬೇಕು. "ಒಂದರಲ್ಲೂ ಕೊಳೆ ಇರ್ಬಾರ್ದು. ನಾನೇ ನೋಡ್ತೀನಿ," ಎಂದರು.

ಮಾರನೆಯ ದಿನ ನಾನು ನಿರ್ದೇಶಕಿಯ ಜೊತೆ ಟಾರ್ಪಾಲು ತರಲು ಹೋದೆ. ನಮ್ಮ ಮಹಡಿಯಲ್ಲಿ ಪಕ್ಕದ ಮನೆಯಾಕೆ ಇನ್ನಿಬ್ಬರನ್ನು ಸೇರಿಸಿಕೊಂಡು ತೊಳೆಯಲು ಕೂತಳು. ಸೋಪಿನ ಪುಡಿ, ತೆಂಗಿನ ನಾರು, ಹಳೇ ಹಲ್ಲುಜ್ಜುವ ಬ್ರಷ್ಷು. ತೊಗಲಿನದ್ದಕ್ಕೆ ಒಣಗಿದ ಮೇಲೆ ಚೂರು ಕೊಬ್ಬರಿ ಎಣ್ಣೆ. ನಮ್ಮಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿದ್ದರೆ ಮನೆಯಲ್ಲಿ ಜಗಳ ಎನ್ನುತ್ತಾರಲ್ಲ, ಹಾಗಾಗಿ ಒಂದೊಂದು ಜೊತೆಯನ್ನೂ ಬಿಳಿ ದಾರದಿಂದ ಕಟ್ಟಿದರು. ನಾನು ಸಂಜೆ ಮೆಟ್ಟಿಲು ಹತ್ತಿ ಬಂದಾಗ ಮಹಡಿಯ ತುಂಬ ಜೋಡಿ ಜೋಡಿಯಾಗಿ ಹೊಳೆಯುತ್ತಿದ್ದವು. ಗೋಡೆಯ ಮೇಲೆ, ಬಿಸಿಲಿಗೆ ಮುಖ ಮಾಡಿ, ಆ ಮಗುವಿನ ಬೂಟು.

"ಅಕ್ಕ, ನೋಡಿ ಬನ್ನಿ. ಹಲಗೆ ಮೇಲೆ ಒಂದು ಜೊತೆ ಮರ್ತೇ ಬಿಟ್ಟಿದ್ರಿ. ಏನ್ ಮಣ್ಣು ಅಂತೀರಾ! ಹೊಲಿಗೆ ಸಂದೀದೆಲ್ಲ ಪಿನ್ ಹಾಕಿ ತೆಗ್ದೆ. ಲೇಸ್ ಬೇರೆ ಒಗ್ದೆ. ಈಗ ಹೊಸದರ ಹಾಗಿದೆ."

ಬಕೆಟ್ಟಿನ ನೀರು ಆಗಲೇ ಚೆಲ್ಲಿಯಾಗಿತ್ತು. ಮಹಡಿಯ ಮೋರಿಯ ಬಾಯಿಯಲ್ಲಿ ಒಂದು ತೆಳು ಕೆಂಪು ಗೆರೆ ಇತ್ತು, ಬೆರಳಲ್ಲಿ ಮುಟ್ಟಿದರೆ ಅದೂ ಹರಿದುಹೋಯಿತು.

ನಾನು ಬಯ್ಯಲಿಲ್ಲ, ಬಯ್ಯಲು ಏನಿದೆ? ವಿಷಯ ಹೇಳಿದೆ. ಆಕೆ ಒದ್ದೆ ನೆಲದ ಮೇಲೇ ಕೂತುಬಿಟ್ಟಳು.

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ? ಬಾಯಲ್ಲಿ ಏನಿಟ್ಕೊಂಡಿದ್ರಿ ಇಷ್ಟು ದಿನ?"

ಬೂಟನ್ನು ಅದೇ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಮತ್ತೆ ಹಲಗೆಯ ಮೇಲೆ ಇಟ್ಟೆ.

ಮರುದಿನ ಮೂಟೆಗಳನ್ನು ಅಭ್ಯಾಸದ ಜಾಗಕ್ಕೆ ಸಾಗಿಸಿದೆವು. ನಿರ್ದೇಶಕಿ ರಾಶಿ ನೋಡಿ ಹಣೆ ಹಿಡಿದುಕೊಂಡರು. "ಅಮ್ಮಾ, ಇದು ಹಬ್ಬದ ಸೀಸನ್ನಿನ ಚಪ್ಪಲಿ ಅಂಗಡಿ ಥರ ಇದೆ. ಆ ಶಿಬಿರದಲ್ಲಿ ಸತ್ತೋರ ಚಪ್ಪಲೀನ ಯಾರು ಹೀಗೆ ಜೋಡಿಸಿದ್ರು? ದಾರ ಎಲ್ಲ ಕತ್ತರಿಸಿ. ತೊಳೆದಿದ್ದು ತೊಳೆದಾಯ್ತು, ಟೀ ಡಿಕಾಕ್ಷನ್ನು, ಇಟ್ಟಿಗೆ ಪುಡಿ, ಬೂದಿ ಹಚ್ಚಿ ಹಳೇದು ಮಾಡೋಣ." ನಾಟಕದಲ್ಲಿ ಹೊಸದನ್ನು ಹಳೇದು ಮಾಡುವ ಕ್ರಮ ಅದು. ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಒರೆಸಬೇಕು, ಒದ್ದೆ ಇರುವಾಗಲೇ ಪುಡಿ ಉದುರಿಸಿ ಅಂಗೈಯಿಂದ ತಿಕ್ಕಬೇಕು.

"ತೊಳೀರಿ ಅಂದ್ರು, ತೊಳೆದ್ವಿ. ಈಗ ಕೊಳೆ ಮಾಡಿ ಅಂತಾರೆ. ನಮ್ಮತ್ತೇನೂ ನನ್ನ ಇಷ್ಟು ಆಡಿಸ್ಲಿಲ್ಲ," ಎಂದು ಪಕ್ಕದ ಮನೆಯಾಕೆ ಗೊಣಗಿದಳು. ಸಭಾಂಗಣದವರಿಗೆ ಫೋನಿನಲ್ಲಿ ಕೇಳಿದರೆ, "ಬೂದಿ ಪರವಾಗಿಲ್ಲ, ಅದು ಮೈಲಿಗೆ ಅಲ್ಲ," ಎಂದರಂತೆ. ಎಲ್ಲರೂ ನಕ್ಕರು.

ಕತ್ತರಿ ಹಿಡಿದು ಪಕ್ಕದಲ್ಲಿ ಕೂತ ಆಕೆ ನನ್ನ ಕಿವಿಯ ಹತ್ತಿರ ಬಂದಳು. "ಅಕ್ಕ, ಒಂದು ಮಾತು. ಆ ಮಗು ಓದ್ತಿದ್ದ ಶಾಲೆ ಮೈದಾನ ರೊಟ್ಟಿ ಅಂಗಡಿ ಹತ್ರಾನೇ ಅಲ್ವಾ? ಅದೇ ಮಣ್ಣು ತಂದು ಚೂರು ನೀರಲ್ಲಿ ಕಲಸಿ ಹಚ್ಚಿದ್ರೆ? ಮೊದಲು ಹೆಂಗಿತ್ತೋ ನಂಗೆ ಗೊತ್ತಲ್ಲ, ನಾನೇ ತೆಗ್ದಿರೋದು. ಪಾಪ, ಆ ತಾಯಿಗೂ ನೋವಾಗಲ್ಲ."

ಬೇಡ ಎನ್ನಲಿಲ್ಲ ನಾನು. ಸಂಜೆ ಒಬ್ಬಳೇ ಹೋದೆ. ರೊಟ್ಟಿ ಅಂಗಡಿಯಿಂದಾಚೆ, ಜ್ಞಾನಭಾರತಿ ಕಡೆ ಆ ಶಾಲೆ, ಅಲ್ಲಿನ ಮಣ್ಣು ಅದೇ ಕೆಂಪು. ಶಾಲೆ ಬಿಟ್ಟಿತ್ತು, ಮೈದಾನದಲ್ಲಿ ಹೆಣ್ಣುಮಕ್ಕಳು ಖೋಖೋ ಆಡುತ್ತಿದ್ದರು. ಬೇಲಿಯ ಪಕ್ಕ ಕೂತು ಒಂದು ಕವರಿನಲ್ಲಿ ಮಣ್ಣು ತುಂಬಿಕೊಂಡೆ.

"ತುಳಸಿ ಗಿಡಕ್ಕಾ ಅಜ್ಜಿ?" ಎಂದಳು ಆಟ ಬಿಟ್ಟು ಬೇಲಿಯ ಹತ್ತಿರ ಬಂದ ಒಬ್ಬಳು ಹುಡುಗಿ.

"ಹೂಂ," ಎಂದೆ.

ಮನೆಗೆ ಬಂದೆ, ಕವರನ್ನು ಬ್ಯಾಗಿನೊಳಗೇ ಬಿಟ್ಟೆ. ಬೂಟು ತೆಗೆದೆ, ಇಟ್ಟೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕಿದೆ. ಊಟ ಮಾಡುವಾಗ ನೀವಿಬ್ಬರೂ ಮುಖ ಸಿಂಡರಿಸಿದ್ದು ಆ ದಿನವೇ ಇರಬೇಕು.

ಬೆಳಗ್ಗೆ ಅಭ್ಯಾಸಕ್ಕೆ ಹೋದಾಗ ನಿರ್ದೇಶಕಿ ನಮಗಿಂತ ಮುಂಚೆ ಬಂದು ಚಪ್ಪಲಿ ರಾಶಿಯ ಪಕ್ಕ ಕೂತಿದ್ದರು. ಕೈಯಲ್ಲಿ ಒಂದು ದಪ್ಪ ಪುಸ್ತಕ. ಎಲ್ಲರೂ ಬರುವವರೆಗೆ ಕಾದು ಎದ್ದು ನಿಂತರು.

"ದಾರ ಕತ್ತರಿಸೋದು ನಿಲ್ಸಿ. ನಿನ್ನೆ ನಾನು ತಪ್ಪು ಹೇಳ್ದೆ. ಓದದೇ ಹೇಳ್ದೆ." ಪುಸ್ತಕ ತೆರೆದು ತೋರಿಸಿದರು. "ಕೊಲ್ಲೋ ಮುಂಚೆ ಅವರಿಗೆ ಸ್ನಾನಕ್ಕೆ ಅಂತ ಹೇಳ್ತಿದ್ರಂತೆ. ಬಟ್ಟೆ ಬಿಚ್ಚಿಸಿ, ಬೂಟು ಬಿಚ್ಚಿಸಿ, ಒಂದೊಂದು ಜೊತೇನೂ ಅವರ ಕೈಲೇ ಕಟ್ಟಿಸ್ತಿದ್ರಂತೆ. ಕೆಲವು ಕಡೆ ಅದಕ್ಕೆ ಅಂತ್ಲೇ ದಾರ ಕೊಡ್ತಿದ್ರು. ಆಮೇಲೆ ಬಂದು ಹಾಕ್ಕೋತೀವಿ, ಕಳೆದುಹೋಗ್ಬಾರ್ದು ಅಂತ ಅವರೇ ಗಂಟು ಹಾಕಿದಾರೆ."

ಪಕ್ಕದ ಮನೆಯಾಕೆ ಕತ್ತರಿ ಕೆಳಗಿಟ್ಟಳು. ನಾವು ಕೂತು, ಹಿಂದಿನ ದಿನ ಕತ್ತರಿಸಿದ ಜೊತೆಗಳನ್ನು ಹುಡುಕಿ ಹುಡುಕಿ ಮತ್ತೆ ಕಟ್ಟತೊಡಗಿದೆವು. ಒಂದು ಸಿಕ್ಕರೆ ಇನ್ನೊಂದು ಸಿಗದು. ಇಷ್ಟು ಜನರೆದುರು ನಿರ್ದೇಶಕಿ ತಪ್ಪಾಯಿತು ಎಂದಿದ್ದರು, ನನ್ನ ಬ್ಯಾಗಿನಲ್ಲಿ ಆ ಕವರು ಇತ್ತು. ಎದ್ದು ಹೊರಗೆ ಹೋಗಿ ಮೆಟ್ಟಿಲ ಬಳಿಯ ಹೂಕುಂಡಕ್ಕೆ ಅದನ್ನು ಸುರಿದೆ. ಒಳಗೆ ಬಂದು ನಿರ್ದೇಶಕಿಯ ಮುಂದೆ ನಿಂತೆ. ಅಷ್ಟು ದಿನ ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು ಬಿಟ್ಟರೆ ನಾನಾಗಿ ಮಾತಾಡಿರಲಿಲ್ಲ. ಬೂಟಿನ ವಿಷಯವೆಲ್ಲ ಹೇಳಿದೆ. ಇವತ್ತೇ ಹೋಗಿ ಆ ತಾಯಿಗೆ ತಿಳಿಸುತ್ತೇನೆ ಎಂದೆ.

ಅವರು ಗೋಡೆಗೆ ಒರಗಿದರು. "ಇನ್ನೆರಡು ದಿನ ಇದೆ ಅಮ್ಮಾ. ಕೊನೇ ಲೈಟು ಬೀಳೋದೇ ಆ ಬೂಟಿನ ಮೇಲೆ. ಅವರು ವಾಪಸ್ ತಗೊಂಡ್ಬಿಟ್ರೆ? ನಾಟಕ ಮುಗಿಸ್ಕೊಂಡು ಹೇಳಬಹುದಲ್ವಾ?"

"ಮುಗಿದ್ಮೇಲೆ ಹೇಳಿದ್ರೆ, ನಮ್ಮ ಕೆಲಸ ಆಗೋವರೆಗೂ ಮುಚ್ಚಿಟ್ಟಂಗಾಗುತ್ತೆ ಮೇಡಂ. ಅವರಿಗೆ ಬೇಡ ಅನ್ನಕ್ಕೆ ಅವಕಾಶ ಕೊಡ್ಬೇಕು."

ಅವರು ನನ್ನನ್ನೇ ನೋಡಿದರು. ಆಮೇಲೆ, "ನಾನೂ ಬರ್ಲಾ?" ಎಂದರು. ಬೇಡ ಎಂದೆ. ನನ್ನ ಕೈಗೆ ನಂಬಿ ಕೊಟ್ಟದ್ದು.

ಮಧ್ಯಾಹ್ನ ಹೋದಾಗ ರೊಟ್ಟಿ ಅಂಗಡಿಯ ಮುಂದೆ ಡೆಲಿವರಿ ಹುಡುಗನೊಬ್ಬ ಗಾಡಿಯ ಮೇಲೆ ಕೂತು ಕಾಯುತ್ತಿದ್ದ. ಗಂಟು ಕಂಡದ್ದೇ ಅವಳು, "ಮುಗೀತೇನ್ರಿ ನಾಟಕಾ?" ಎಂದು ಕೈ ಒರೆಸಿಕೊಂಡು ಬಂದಳು. ಅವಳು ಬಿಚ್ಚುವ ಮೊದಲೇ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಷ್ಟರಲ್ಲಿ ಬಿಚ್ಚಿಬಿಟ್ಟಳು.

"ಯಾರ್ ತೊಳದ್ರಿ?"

"ನಮ್ಮೋರೇ ಕಣಮ್ಮ. ಸ್ಟೇಜಿಗೆ ತೊಳೆದೇ ತರಬೇಕು ಅಂದಿದ್ರು. ಇದನ್ನ ತೊಳೀಬೇಡಿ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ನಾನು ಬರೋ ಹೊತ್ತಿಗೆ ಆಗ್ಹೋಗಿತ್ತು."

ಅವಳು ಉಗುರನ್ನು ಹೊಲಿಗೆಯ ಸಂದಿಯಲ್ಲಿ ಸುತ್ತಲೂ ಆಡಿಸಿದಳು. ಉಗುರು ನೋಡಿಕೊಂಡಳು. ಇನ್ನೊಂದು ಬೂಟನ್ನೂ ಹಾಗೇ ನೋಡಿದಳು. ಒಳಗೆ ಕೈ ಹಾಕಿದಳು.

"ಅಕ್ಕ, ನನ್ನ ಆರ್ಡರ್ ಏನಾಯ್ತು? ಲೇಟಾದ್ರೆ ನಂಗ್ ಬೈತಾರೆ," ಎಂದ ಹುಡುಗ.

"ಆಗಿಲ್ಲೋ! ಬೈಸ್ಕೋ ಹೋಗು!" ಎಂದು ಚೀರಿದಳು. ಅವನು ಪಾಪ ಗಾಡಿಯನ್ನು ಮರದ ಕೆಳಗೆ ನೂಕಿಕೊಂಡು ಹೋಗಿ ನಿಂತ.

ಆಮೇಲೆ ಅವಳ ದನಿ ಇಳಿಯಿತು. "ಆಕಿ ಅಂಗಿ-ಅರಬಿ, ಪಾಟಿಚೀಲಾ ಎಲ್ಲಾ ನಮ್ಮ ಮಂದಿ ಹೊಳಿಗೆ ಬಿಟ್ಟು ಬಂದ್ರು. ಇಟ್ಕ್ವಬಾರ್ದು ಅಂದ್ರು. ಇದೊಂದ ಮುಚ್ಚಿಟ್ಟು ಉಳಸ್ಕೊಂಡಿದ್ದೆ." ಬೂಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ಹೋಗ್ರಿ ಅಕ್ಕಾರ. ಈಗ ಹೋಗ್ರಿ ನೀವು."

ಹೊರಟೆ. ಬಸ್ಸು ಹತ್ತಬೇಕಿತ್ತು, ಹತ್ತಲಿಲ್ಲ. ಮನೆಯವರೆಗೆ ನಡೆದೇ ಬಂದೆ.

ಬೂಟಿಲ್ಲದೆ ನಾಟಕ ಆಯಿತು. ಯಾರೋ ತಮ್ಮ ಮಗನ ಬೂಟು ತರುತ್ತೇನೆ ಎಂದರು. ನಿರ್ದೇಶಕಿ ಒಪ್ಪಲಿಲ್ಲ. ಇದ್ದದ್ದರ ಮೇಲೆಯೇ ಬೆಳಕು ಬೀಳಲಿ ಎಂದರು. ನನ್ನ ಕೆಲಸ ಪರದೆಯ ಹಿಂದೆ. ದೀಪ ಆರಿದ ಕೂಡಲೇ ಮೂಟೆಗಳನ್ನು ಸದ್ದಾಗದಂತೆ ಮಗುಚಬೇಕು. ಅದಕ್ಕೆ ಭಾರದ ಬೂಟುಗಳನ್ನು ಮೂಟೆಯ ಬಾಯಿಯ ಕಡೆ, ಹವಾಯಿ ಚಪ್ಪಲಿಗಳನ್ನು ತಳಕ್ಕೆ ತುಂಬಿದ್ದೆವು. ಬೂಟು ಮೊದಲು ಜಾರಿ ಟಾರ್ಪಾಲಿನ ಮೇಲೆ ಕೂರುತ್ತವೆ, ಹಗುರವಾದವು ಅವುಗಳ ಮೇಲೆ ಇಳಿಯುತ್ತವೆ. ಬೆಳಕು ಬಂದಾಗ ಎದುರಿಗಿದ್ದದ್ದು ಹಿಮ್ಮಡಿ ಸವೆದ ಒಂದು ಜೊತೆ ಗಂಡಸಿನ ಚಪ್ಪಲಿ, ಬಿಳಿ ದಾರದ ಗಂಟಿನೊಂದಿಗೆ. ಸಭಾಂಗಣದ ಮೇಲ್ವಿಚಾರಕರು ನನ್ನ ಪಕ್ಕದಲ್ಲೇ ನಿಂತಿದ್ದರು, ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಮುಗಿದ ಮೇಲೆ ಒಬ್ಬ ಹುಡುಗ ರಂಗದ ಹತ್ತಿರ ಬಂದ. "ಇವೆಲ್ಲ ನಿಜವಾಗ್ಲೂ ಅವರ ಚಪ್ಪಲಿಗಳಾ ಅಜ್ಜಿ?"

"ಅಲ್ಲಪ್ಪ. ಇವು ಮೂಡಲಪಾಳ್ಯದವು. ಅವರವು ಅಲ್ಲೇ ಇವೆ, ಪೋಲೆಂಡ್ ಅನ್ನೋ ದೇಶದಲ್ಲಿ. ಜೋಪಾನ ಮಾಡಿಟ್ಟಿದಾರಂತೆ."

"ಯಾಕೆ ಇಟ್ಟಿದಾರೆ?"

"ನೀನು ಕೇಳಿದೆಯಲ್ಲ ಈಗ, ನಿಜವಾಗ್ಲೂನಾ ಅಂತ. ಅದಕ್ಕೆ."

ಎಲ್ಲರೂ ಚೆನ್ನಾಗಾಯಿತು ಎಂದರು. ನನಗೆ ನೆಮ್ಮದಿ ಆಗಲಿಲ್ಲ. ಅಲ್ಲಿಯವರು ಸಾವಿರಾರು ಬೂಟುಗಳನ್ನು ಕಾಪಾಡಿದ್ದಾರೆ, ನಾನು ಒಂದೇ ಒಂದು ಜೊತೆಯನ್ನು ಕಾಪಾಡಲಿಲ್ಲ ಎಂದು ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ರೊಟ್ಟಿ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಹೋದರೆ ಅವಳು ನನ್ನ ಮುಖ ನೋಡದೆ ರೊಟ್ಟಿ ಸುತ್ತಿ ಕೊಡುತ್ತಿದ್ದಳು. ನನಗಿಂತ ಆಮೇಲೆ ಬಂದವರಿಗೆ ಮೊದಲು ಕೊಡುತ್ತಿದ್ದಳು. ನಾನು ನಿಂತಿರುತ್ತಿದ್ದೆ. ಆ ದಿನಗಳಲ್ಲಿ ನೀವು "ಮತ್ತೆ ರೊಟ್ಟಿನಾ ಅಜ್ಜಿ?" ಎಂದು ಗಲಾಟೆ ಮಾಡುತ್ತಿದ್ದಿರಿ. ಯುಗಾದಿ ಕಳೆದ ಮೇಲೆ ಒಂದು ದಿನ ಯಾರೂ ಇಲ್ಲದಾಗ ಅವಳೇ ಕೇಳಿದಳು.

"ಹೆಂಗಾತ್ರಿ ನಾಟಕಾ?"

ಹೇಳಿದೆ. ಜೊತೆ ಕಟ್ಟಿಸುತ್ತಿದ್ದ ವಿಷಯವನ್ನೂ ಹೇಳಿದೆ.

"ತಾವ ಕಟ್ಟಿದ್ರೇನ್ರಿ? ತಮ್ಮ ಕೈಲೆ?"

"ಹೂಂ ಕಣಮ್ಮ. ಸಣ್ಣ ಮಕ್ಕಳದ್ದನ್ನ ತಾಯಂದಿರು ಕಟ್ಟಿರ್ಬೇಕು."

ಅವಳು ಮಣೆ ಎಳೆದು ನನ್ನ ಕಡೆ ಸರಿಸಿದಳು. "ಕೂಡ್ರಿ," ಎಂದಳು. ಒಲೆ ಸಣ್ಣ ಮಾಡಿದಳು.

"ಅವತ್ತ ಮಳಿ ಬಂದು ನಿಂತಿತ್ತು. ಖೋಖೋ ಆಡಿ ಮೈತುಂಬ ಕೆಸರ ಮಾಡ್ಕೊಂಡು ಬಂದ್ಲು. ನಾ ಬೈದೆ. ಬೂಟ ಹಸೀ ಇದ್ದಾಗ ತಿಕ್ಕಬ್ಯಾಡ, ನಾಳಿ ಒಣಗಿದ ಮ್ಯಾಲ ಬಡದು ತೆಗಿ ಅಂದೆ. ಹೂಂ ಅಂದ್ಲು. ಅವತ್ತ ಸಂಜೀಕ ಜ್ವರ ಬಂತು. ಆ ಮಣ್ಣ ತೆಗಿಯೂದು ಆಕಿ ಕೆಲಸ ಆಗಿತ್ರಿ. ನಾ ಹೆಂಗ ತೆಗೀಲಿ? ಅದಕ್ಕ ಇಟ್ಟಿದ್ದೆ."

ನಾನು ಅವಳ ಕೈ ಹಿಡಿದುಕೊಂಡೆ. ಹಿಟ್ಟಿನ ಕೈ. ಬಿಡಿಸಿಕೊಳ್ಳಲಿಲ್ಲ.

"ನಿಮಗ ಬರೀಲಿಕ್ಕೆ ಬರ್ತದಲ್ರಿ?" ಎಂದಳು. "ಬರೀರಿ. ನಂಗ ಅಕ್ಷರ ಬರೂದಿಲ್ಲ. ಮಣ್ಣಂತೂ ಹೋತು. ನಾನೂ ಮರತೆ ಅಂದ್ರ ಏನ್ ಉಳೀತು?"

"ಏನಂತ ಬರೀಲಿ?"

"ಮದ್ಲ ಹೆಸರ ಬರೀರಿ. ರೇಣುಕಾ. ಭಾಳ ಶಾಣ್ಯಾ ಇದ್ಲು ಅಂತ ಮಾತ್ರ ಬರೀಬ್ಯಾಡ್ರಿ, ಗಣಿತದಾಗ ಸೊನ್ನಿ ತರತಿದ್ಲು." ಅಷ್ಟು ದಿನಕ್ಕೆ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡೆ. "ಸುಳ್ಳೂ ಹೇಳ್ತಿದ್ಲು, ಹಾಲ ಕುಡದು ಬೆಕ್ಕ ಕುಡೀತು ಅಂತಿದ್ಲು. ಓಡೂದ್ರಾಗ ಮಾತ್ರ ಯಾರ ಕೈಗೂ ಸಿಗ್ತಿದ್ದಿಲ್ರಿ. ಗಂಡು ಹುಡ್ರ ಕೈಗೂ ಸಿಗ್ತಿದ್ದಿಲ್ಲ. ಅದನ್ನ ದೊಡ್ಡ ಅಕ್ಷರದಾಗ ಬರೀರಿ."

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ ಮಕ್ಕಳೇ, ಏನೂ ಸೇರಿಸಿಲ್ಲ. ರೇಣುಕಾ ಐದನೇ ಕ್ಲಾಸಿನಲ್ಲಿದ್ದಳು. ಮಳೆ ನಿಂತ ಮೇಲೆ ಖೋಖೋ ಆಡಿ ಬಂದಳು. ಬೂಟಿಗೆ ಮೆತ್ತಿದ್ದ ಕೆಂಪು ಮಣ್ಣನ್ನು ನಾಳೆ ತೆಗೆ ಎಂದು ತಾಯಿ ಹೇಳಿದ್ದಕ್ಕೆ ಹೂಂ ಎಂದಿದ್ದಳು. ಆಗಾಗ ಅವಳ ತಾಯಿ, "ಓದ್ರಿ ಅಕ್ಕಾರ, ಅದನ್ನ ಓದ್ರಿ," ಎನ್ನುತ್ತಾಳೆ. ನಾನು ಅವತ್ತೇ ಬರೆದಿಟ್ಟುಕೊಂಡ ಈ ಪುಟ ತೆಗೆದು ಓದುತ್ತೇನೆ, ಅವಳು ರೊಟ್ಟಿ ತಟ್ಟುತ್ತಾ ಕೇಳುತ್ತಾಳೆ, ಓಡುವ ಮಾತು ಬಂದಾಗ ಇನ್ನೊಮ್ಮೆ ಓದಿಸುತ್ತಾಳೆ. ನನ್ನ ಕಣ್ಣು ಮಂಜಾಗುತ್ತಿದೆ. ನನಗೆ ಆಗದಿದ್ದಾಗ ನಿಮ್ಮಲ್ಲಿ ಒಬ್ಬರು ಹೋಗಿ ಓದಿ ಹೇಳಬೇಕು. ಈ ಹಾಳೆಗಳನ್ನು ಯಾರೂ ಅಚ್ಚುಕಟ್ಟು ಮಾಡಲು ಹೋಗದಂತೆ, ನೀರು ಸೋಕದ ಕಡೆ, ಜೋಪಾನವಾಗಿ ಇಡಿ.